ಹೊಲದ ಹಳೆ ಕಾಗದ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಶಿಕ್ಕಾ, ಸರ್ವೆ ನಂಬರ್ ಯಾಕೆ ಮಾಯವಾಗುತ್ತವೆ?

ನೀವು ಕೇಳಿದ್ದು ಇಷ್ಟು: ಹಾನಗಲ್ ಕಡೆಯ ಹೊಲದ 1960–70ರ ದಶಕದ ಖರೀದಿ ಪತ್ರ, ವಾಟ್ನಿ (ಪಾಲು ವಿಭಾಗ) ಪತ್ರ ಮತ್ತು ಕೈಬರಹದ ಉತಾರಗಳನ್ನು (ಪಹಣಿಗಳನ್ನು) ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ ಧಾರವಾಡದ ವಕೀಲರಿಗೆ ಕಳಿಸಿದಿರಿ. ಶಿಕ್ಕಾ (ಕಚೇರಿಯ ಮುದ್ರೆ) ಕಾಣುವುದಿಲ್ಲ, ಸರ್ವೆ ನಂಬರ್ ಓದಲಿಕ್ಕೆ ಬರುವುದಿಲ್ಲ ಎಂದು ಅವರು ತಿರುಗಿ ಹೇಳಿದರು. ಹೊಸ ಫೋನ್ ತಗೋಬೇಕಾ ಎಂಬುದು ನಿಮ್ಮ ಪ್ರಶ್ನೆ.

ಬೇಡ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಸಾಕು. ಅದರ ಚಿತ್ರದ ಉದ್ದ ಸುಮಾರು 4000 ಪಿಕ್ಸೆಲ್. ಛಾಪಾ ಕಾಗದದ ಉದ್ದ 14 ಇಂಚಿನ ಆಸುಪಾಸು ಇರುತ್ತದೆ, ಅಂಚು ಬಿಟ್ಟರೂ ಇಂಚಿಗೆ 250 ಪಿಕ್ಸೆಲ್‌ನಷ್ಟು ಸಿಗುತ್ತದೆ. ಕೈಬರಹ ಓದಲು ಇದು ಧಾರಾಳ. ತಪ್ಪು ನಡೆಯುತ್ತಿರುವುದು ಆ್ಯಪ್‌ನ ಫಿಲ್ಟರಿನಲ್ಲಿ.

ಸ್ಕ್ಯಾನ್ ಆ್ಯಪ್‌ಗಳನ್ನು ಮಾಡಿರುವುದು ಬಿಳಿ ಹಾಳೆಯ ಮೇಲಿನ ಕಪ್ಪು ಅಚ್ಚಿಗೆ. ಹಾಳೆಯನ್ನು ಬೆಳ್ಳಗೆ ಮಾಡುವುದು, ಅಕ್ಷರವನ್ನು ಕಪ್ಪು ಮಾಡುವುದು, ನಡುವೆ ಉಳಿದ ಮಸುಕನ್ನೆಲ್ಲ ಕೊಳೆ ಎಂದು ಒರೆಸುವುದು ಅವುಗಳ ಕೆಲಸ. ನಿಮ್ಮ ಕಾಗದಕ್ಕೆ ಕಂದು ಬಣ್ಣ ಬಂದಿದೆ, ನೇರಳೆ ಮಸಿಯ ಶಿಕ್ಕಾ ಮಾಸಿದೆ. ಎರಡರ ನಡುವೆ ವ್ಯತ್ಯಾಸ ಕಡಿಮೆ, ಹಾಗಾಗಿ ಶಿಕ್ಕಾ ಕೊಳೆಯ ಲೆಕ್ಕಕ್ಕೆ ಹೋಗುತ್ತದೆ. ಪೆನ್ಸಿಲಿನ ಗುರುತು, ಹೆಬ್ಬೆಟ್ಟಿನ ಅಂಚಿನ ಗೆರೆಗಳಿಗೂ ಅದೇ ಗತಿ. ವ್ಯಾಜ್ಯದಲ್ಲಿ ಬೇಕಾಗುವುದು ಬಹಳ ಸಲ ಇವೇ. ಆದ್ದರಿಂದ ‘ಆಟೊ’ ಮತ್ತು ‘ಕಪ್ಪು-ಬಿಳುಪು’ ಎರಡನ್ನೂ ಬಿಟ್ಟು, ಫಿಲ್ಟರ್ ಇಲ್ಲದ ಬಣ್ಣದ ಚಿತ್ರವನ್ನೇ ಇಟ್ಟುಕೊಳ್ಳಿ. ಕಲೆ ಒರೆಸುವ ಸೌಲಭ್ಯ ಕೆಲವು ಆ್ಯಪ್‌ಗಳಲ್ಲಿದೆ. ಹಳೆ ದಾಖಲೆಗೆ ಅದನ್ನು ಮುಟ್ಟಲೇಬೇಡಿ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್‌ನ ಸ್ಕ್ಯಾನ್, ಐಫೋನಿನಲ್ಲಿ ನೋಟ್ಸ್ ಆ್ಯಪ್‌ನ ಸ್ಕ್ಯಾನ್ ಸಾಕು. ಆ್ಯಪ್ ತಾನೇ ಕ್ಲಿಕ್ ಮಾಡಿಕೊಳ್ಳುವುದನ್ನು ನಿಲ್ಲಿಸಿ, ಗುಂಡಿಯನ್ನು ನೀವೇ ಒತ್ತಿ.

ಕಾಗದವನ್ನು ಮೊದಲು ಸಮ ಮಾಡಿಕೊಳ್ಳಬೇಕು. ಇಸ್ತ್ರಿ ಬೇಡ, ಬಿಸಿಲಿಗೆ ಒಣಹಾಕುವುದೂ ಬೇಡ. ಮಡಿಕೆಯಲ್ಲಿ ನಾರು ಮೊದಲೇ ಸತ್ತಿರುತ್ತದೆ, ಬಿಸಿಗೆ ಮುರಿಯುತ್ತದೆ. ಮಳೆಗಾಲದಲ್ಲಿ ಟ್ರಂಕಿನಿಂದ ತೆಗೆದ ಕಾಗದ ತಂಪು ಹಿಡಿದಿದ್ದರೆ ನೆರಳಲ್ಲಿ ಗಾಳಿಗೆ ಬಿಡಿ, ಆಮೇಲೆ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಭಾರದ ಪುಸ್ತಕ ಹೇರಿ ಎರಡು ದಿನ ಬಿಡಿ. ಹರಿದಲ್ಲಿ ಸೆಲ್ಲೊ ಟೇಪ್ ಹಚ್ಚಬೇಡಿ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಕಿತ್ತರೆ ಅಕ್ಷರವೂ ಜೊತೆಗೆ ಬರುತ್ತದೆ. ಟಾಚಣಿ (ಗುಂಡುಸೂಜಿ) ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಎಳೆಯದೆ ಹಾಗೇ ಬಿಟ್ಟು, ಹಾಳೆ ತಿರುವಿ ಫೋಟೊ ತೆಗೆಯಿರಿ.

ಕೆಳಗೆ ಹಾಸಲು ಕರಿ ಕಂಬಳಿ ಬಹಳ ಒಳ್ಳೆಯದು. ಕಾಗದದ ಅಂಚು ಆ್ಯಪ್‌ಗೆ ತಟ್ಟನೆ ಸಿಗುತ್ತದೆ, ಹೊಳಪೂ ಇಲ್ಲ. ಆದರೆ ಕಂಬಳಿ ಮೆತ್ತಗಿರುವುದರಿಂದ ಕೆಳಗೆ ರಟ್ಟು ಇಟ್ಟು ಬಿಗಿಯಾಗಿ ಹಾಸಿ. ತೆಳು ಹಾಳೆಯಲ್ಲಿ ಹಿಂಬದಿಯ ಬರಹ ಮುಂದಕ್ಕೆ ಮೂಡುತ್ತಿದ್ದರೆ ಅದರ ಅಡಿಗೆ ನೇರವಾಗಿ ಕಪ್ಪು ಕಾಗದ ಇಡಿ. ಬಿಳಿ ಕಾಗದ ಇಟ್ಟರೆ ಬೆಳಕು ತಿರುಗಿ ಬಂದು ಹಿಂದಿನ ಸಾಲುಗಳು ಇನ್ನೂ ಎದ್ದು ಕಾಣುತ್ತವೆ.

ಬೆಳಕಿಗೆ ಪಡಸಾಲೆಯ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಜಾಗ ಹಿಡಿಯಿರಿ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ. ಬೆನ್ನ ಹಿಂದಿದ್ದರೆ ನಿಮ್ಮದೇ ನೆರಳು ಕಾಗದದ ಮೇಲೆ ಬೀಳುತ್ತದೆ. ಫ್ಲ್ಯಾಶ್ ಬೇಡ. ಲ್ಯಾಮಿನೇಶನ್ ಮಾಡಿಸಿದ ಕಾಗದದಲ್ಲಂತೂ ಫ್ಲ್ಯಾಶ್ ನಡುವೆ ಬಿಳಿ ಗುಂಡಿ ಬಿಟ್ಟು ಅಲ್ಲಿನ ಸಾಲನ್ನು ನುಂಗುತ್ತದೆ. ರಾತ್ರಿ ಎಲ್‌ಇಡಿ ದೀಪದಲ್ಲಿ ತೆಗೆದಾಗ ಅಡ್ಡ ಪಟ್ಟೆ ಬರುವುದಕ್ಕೆ ಕಾರಣ ದೀಪದ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಆ ಕೆಲಸ ಹಗಲಿಗೆ ಬಿಡಿ.

ಮಸಿಯಿಲ್ಲದ ಉಬ್ಬು ಮುದ್ರೆ ಇದ್ದರೆ ಮಾತ್ರ ಬೇರೆ ಬೆಳಕು ಬೇಕು. ಕೋಣೆ ಸ್ವಲ್ಪ ಕತ್ತಲು ಮಾಡಿ, ಇನ್ನೊಂದು ಫೋನಿನ ಟಾರ್ಚನ್ನು ಕಾಗದದ ಮಟ್ಟಕ್ಕೆ ಹತ್ತಿರ, ಓರೆಯಾಗಿ ಹಿಡಿಸಿ. ಉಬ್ಬಿನ ಒಂದು ಬದಿಗೆ ನೆರಳು ಬಿದ್ದು ಮುದ್ರೆಯ ಅಕ್ಷರ ಎದ್ದು ಬರುತ್ತವೆ. ಅದನ್ನು ಬೇರೆ ಪುಟವಾಗಿ ಸೇರಿಸಿ.

ಫೋನನ್ನು ಕಾಗದದಿಂದ ಸುಮಾರು ಒಂದು ಅಡಿ ಮೇಲೆ, ನೆಲಕ್ಕೆ ಸಮಾಂತರವಾಗಿ ಹಿಡಿದು, ಸುತ್ತಲೂ ಎರಡು ಬೆರಳಷ್ಟು ಕಂಬಳಿ ಕಾಣುವಂತೆ ತೆಗೆಯಿರಿ. ಲೆನ್ಸ್ ಒರೆಸುವುದು ಮರೆಯಬೇಡಿ. ವೈಡ್ ಲೆನ್ಸ್ ಬೇಡ, ಅಂಚಿನ ಅಕ್ಷರಗಳು ಜಗ್ಗಿದಂತಾಗುತ್ತವೆ.

ಹಿಂಬದಿ ಖಾಲಿ ಅನ್ನಿಸಿದರೂ ಎರಡೂ ಬದಿ ತೆಗೆಯಲೇಬೇಕು. ಛಾಪಾ ಕಾಗದ ಯಾರ ಹೆಸರಿಗೆ, ಯಾವ ತಾರೀಖಿಗೆ ಮಾರಿದ್ದು ಎಂಬ ಬರಹ, ನೋಂದಣಿ ಕಚೇರಿಯ ಷರಾ, ಹೆಬ್ಬೆಟ್ಟು ಇವು ಬಹಳ ಸಲ ಹಿಂದೆಯೇ ಇರುತ್ತವೆ. ವಕೀಲರು ಮೊದಲು ಹುಡುಕುವುದು ಅದನ್ನೇ.

ಪ್ರತಿ ಪುಟ ತೆಗೆದ ಮೇಲೆ ಹಿಗ್ಗಿಸಿ ಸರ್ವೆ ನಂಬರ್, ಹಿಸ್ಸೆ, ಎಕರೆ-ಗುಂಟೆಗಳನ್ನು ಮೂಲಕ್ಕೆ ಹಿಡಿದು ನೋಡಿ. ಕೈಬರಹದಲ್ಲಿ ೬ ಮತ್ತು ೭ ಬಾಲದಲ್ಲಷ್ಟೇ ಬೇರೆ. ಅಲ್ಲಿ ಮಸುಕಾದರೆ ಹೊಲವೇ ಬದಲಾಗುತ್ತದೆ. 1956ಕ್ಕೆ ಮೊದಲು ಈ ಭಾಗ ಮುಂಬೈ ರಾಜ್ಯದಲ್ಲಿತ್ತು, ಆ ಕಾಲದ ಕಾಗದವೂ ನಿಮ್ಮಲ್ಲಿದ್ದರೆ ಅದು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆ ಕೂಡುಬರಹದಲ್ಲಿ, ಇದ್ದರೂ ಇರಬಹುದು. ಅದರ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಹೋಗುವುದರಿಂದ ಪೂರ್ತಿ ಪುಟದ ಜೊತೆಗೆ ಅರ್ಧರ್ಧ ಪುಟದ ಫೋಟೊಗಳನ್ನೂ ಕೊಡಿ, ನಾಲ್ಕೈದು ಸಾಲು ಎರಡರಲ್ಲೂ ಬರಲಿ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಪಿಡಿಎಫ್ ಮಾಡಿ ‘ಡಾಕ್ಯುಮೆಂಟ್’ ಎಂದೇ ಲಗತ್ತಿಸಿ. ಕಡತ ದೊಡ್ಡದಾಯಿತೆಂದು ವಕೀಲರು ಹೇಳಿದರೆ ಒಂದೊಂದು ದಾಖಲೆಗೆ ಒಂದೊಂದು ಪಿಡಿಎಫ್ ಮಾಡಿ. ಇನ್ನೂ ಸಣ್ಣದು ಬೇಕಾದರೆ ಇಂಚಿಗೆ 200 ಪಿಕ್ಸೆಲ್‌ವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಕುಗ್ಗಿಸದ ಮೂಲ ಚಿತ್ರಗಳನ್ನು ಬೇರೆ ಫೋಲ್ಡರಿನಲ್ಲಿ ಉಳಿಸಿಕೊಳ್ಳಿ. ಹೆಸರಿಡುವಾಗ ವರ್ಷ, ಪತ್ರದ ಬಗೆ, ಸರ್ವೆ ನಂಬರ್ ಈ ಕ್ರಮ ಇರಲಿ. ಹಾನಗಲ್ ಈಗಿರುವ ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ನಿಮ್ಮ ಕಾಗದಗಳಲ್ಲಿ ಜಿಲ್ಲೆ ಧಾರವಾಡ ಎಂದೇ ಇರುತ್ತದೆ. ಗೊಂದಲ ಬೇಡವೆಂದರೆ ಹೆಸರಿನಲ್ಲಿ ತಾಲ್ಲೂಕು ಮತ್ತು ಊರು ಮಾತ್ರ ಹಾಕಿ.

ಇಷ್ಟು ಮಾಡಿದ ಮೇಲೂ ಒಂದು ಸಾಲು ಓದಲಿಕ್ಕೆ ಬಾರದಿದ್ದರೆ ಫಿಲ್ಟರಿನಿಂದ ತಿದ್ದಬೇಡಿ. ನೋಂದಣಿಯಾದ ಪತ್ರವಾದರೆ ಅದರ ನಂಬರ್, ವರ್ಷ ಕೊಟ್ಟು ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲಿಗೆ ಅರ್ಜಿ ಹಾಕಿ.