ಲೌಂಜ್ ಬಾಗಿಲಲ್ಲಿ ಕಾರ್ಡ್ ಯಾಕೆ ಡಿಕ್ಲೈನ್ ಆಗುತ್ತೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಏರ್‌ಪೋರ್ಟ್ ಲೌಂಜ್, ಅಂದ್ರೆ ಫ್ಲೈಟ್‌ಗೆ ಕಾಯೋವಾಗ ಆರಾಮಾಗಿ ಕೂತು ಊಟ ತಿಂಡಿ ಮಾಡೋ ಜಾಗ, ಅದರ ಬಗ್ಗೆ ತುಂಬಾ ಪ್ರಶ್ನೆ ಬಂದಿದೆ ಈ ಸಲ. ಟಿಕೆಟ್ ಬುಕಿಂಗ್ ಕೆಲಸದಲ್ಲಿ ಸುಮಾರು ವರ್ಷ ಕಳೆದಿರೋದ್ರಿಂದ ಈ ವಿಷಯದಲ್ಲಿ ಜನ ಎಲ್ಲೆಲ್ಲಿ ಎಡವ್ತಾರೆ ಅಂತ ನಂಗೆ ಚೆನ್ನಾಗಿ ಗೊತ್ತು. ನಾಲ್ಕು ಪ್ರಶ್ನೆ ಆರಿಸ್ಕೊಂಡಿದೀನಿ.

ಪ್ರಶ್ನೆ: ಮೇಡಂ, ಕ್ರೆಡಿಟ್ ಕಾರ್ಡ್ ಕೊಡೋವಾಗ ವರ್ಷಕ್ಕೆ 8 ಸಲ ಲೌಂಜ್ ಫ್ರೀ ಅಂದಿದ್ರು. ಹೋದ ತಿಂಗಳು ಬೆಂಗಳೂರು ಟರ್ಮಿನಲ್ 1ರಲ್ಲಿ ಹೆಂಡ್ತಿ, 5 ವರ್ಷದ ಮಗಳನ್ನ ಕರ್ಕೊಂಡು ಹೋದೆ, ಕಾರ್ಡ್ ಡಿಕ್ಲೈನ್. ಇನ್ನೊಂದು ಕಾರ್ಡ್ ಕೊಟ್ರೆ ಒಬ್ರಿಗೆ ಮಾತ್ರ ಅಂದ್ರು. ಹಿಂದೆ ಕ್ಯೂ ನಿಂತಿತ್ತು, ತುಂಬಾ ಅವಮಾನ ಆಯ್ತು. ನಂದೇನು ತಪ್ಪು? (ದಾವಣಗೆರೆಯ ಓದುಗರು)

ಉತ್ತರ: ನಿಮ್ದು ಏನೂ ತಪ್ಪಿಲ್ಲ ಸರ್, ಅವಮಾನ ಅಂತಾನೂ ಅಂದ್ಕೋಬೇಡಿ, ದಿನಾ ಆ ಬಾಗಿಲಲ್ಲಿ ಎಷ್ಟೋ ಜನ ಹೀಗೇ ವಾಪಸ್ ಬರ್ತಾರೆ. ಕಾರ್ಡ್ ಮಾರೋವಾಗ ಹೇಳಿದ ಮಾತು ಒಂದು, ಈಗ ನಡೀತಿರೋ ರೂಲ್ಸ್ ಇನ್ನೊಂದು, ಅಷ್ಟೇ.

ಮುಂಚೆ ಕಾರ್ಡ್ ಇದ್ರೆ ಸಾಕಿತ್ತು. 2023ರ ಕೊನೆಯಿಂದ ದೊಡ್ಡ ಬ್ಯಾಂಕ್‌ಗಳು ಒಂದೊಂದಾಗಿ, ಇಷ್ಟು ಖರ್ಚು ಮಾಡಿದ್ರೆ ಮಾತ್ರ ಲೌಂಜ್ ಅಂತ ಬದಲಾಯಿಸ್ಕೊಂಡು ಬಂದ್ವು. ಎಚ್‌ಡಿಎಫ್‌ಸಿ ರೆಗಾಲಿಯಾ ಕಾರ್ಡ್‌ಗೆ 2023ರ ಡಿಸೆಂಬರ್‌ನಿಂದ ಒಂದು ಕ್ವಾರ್ಟರ್‌ನಲ್ಲಿ, ಅಂದ್ರೆ ಮೂರು ತಿಂಗಳಲ್ಲಿ, 1 ಲಕ್ಷ ಖರ್ಚು ಅಂತ ಮಾಡಿದ್ರು. ಐಸಿಐಸಿಐ 2024ರ ಏಪ್ರಿಲ್‌ನಿಂದ ಹಲವು ಕಾರ್ಡ್‌ಗಳಿಗೆ 35,000 ರೂಪಾಯಿ ಅಂತ ಇಟ್ಟು, ಅದೇ ವರ್ಷ ನವೆಂಬರ್‌ನಲ್ಲಿ 75,000ಕ್ಕೆ ಏರಿಸ್ತು. ಆಮೇಲೆ ಮತ್ತೆ ಬದಲಾಗಿದ್ರೂ ಬದಲಾಗಿರಬಹುದು, ಅದಕ್ಕೇ ನನ್ನ ಮಾತನ್ನ ಕಣ್ಮುಚ್ಚಿ ನಂಬ್ಕೊಂಡು ಹೊರಡ್ಬೇಡಿ, ನಿಮ್ಮ ಕಾರ್ಡ್‌ದು ನೀವೇ ನೋಡಿ.

ಇಲ್ಲಿ ಜನ ಎಡವೋದು ಕ್ವಾರ್ಟರ್ ಲೆಕ್ಕದಲ್ಲಿ. ಸುಮಾರು ಕಾರ್ಡ್‌ಗಳಲ್ಲಿ ನೋಡೋದು ಹಿಂದಿನ ಕ್ವಾರ್ಟರ್ ಖರ್ಚನ್ನ. ಅಂದ್ರೆ ನೀವು ಮೇ ತಿಂಗಳಲ್ಲಿ ಹೊರಟ್ರೆ ಜನವರಿಯಿಂದ ಮಾರ್ಚ್‌ವರೆಗೆ ಏನು ಖರ್ಚು ಮಾಡಿದ್ರಿ ಅನ್ನೋದು ಲೆಕ್ಕ, ಏಪ್ರಿಲ್‌ನಲ್ಲಿ ಮದುವೆ ಸೀಸನ್ ಅಂತ ಒಂದೂವರೆ ಲಕ್ಷದ ಸೀರೆ ಒಡವೆ ತಗೊಂಡಿದ್ರೂ ಅದು ಮೇಗೆ ಬರಲ್ಲ, ಜುಲೈ ಮೇಲೆ ಬರುತ್ತೆ. ಅದರಲ್ಲೂ ಮನೆ ಬಾಡಿಗೆ ಕಟ್ಟಿದ್ದು, ವಾಲೆಟ್‌ಗೆ ಹಾಕಿದ್ದು ಇಂಥವನ್ನ ಕೆಲವು ಬ್ಯಾಂಕ್‌ನವರು ಲೆಕ್ಕಕ್ಕೇ ತಗೊಳಲ್ಲ.

ಇನ್ನೊಂದು ಕಾರಣ ಇದೆ, ಇದು ನಂಗೇ ಆಗಿದ್ದು. ನಮ್ಮಮ್ಮಂಗೆ ಮಂಡಿ ನೋವು, ಸೆಕ್ಯೂರಿಟಿ ಮುಗಿಸಿ ನಿಧಾನಕ್ಕೆ ನಡೆಸ್ಕೊಂಡು ಲೌಂಜ್ ಬಾಗಿಲಿಗೆ ಬಂದ್ರೆ ಕಾರ್ಡ್ ಡಿಕ್ಲೈನ್. ಖರ್ಚು ಎಲ್ಲ ಸರಿ ಇತ್ತು. ಕೌಂಟರ್‌ನಲ್ಲಿದ್ದ ಹುಡುಗಿ ಮೊದಲು ಅಮ್ಮಂಗೆ ತನ್ನ ಚೇರ್ ಕೊಟ್ಲು, ಆಮೇಲೆ ನನ್ನ ಕಡೆ ತಿರುಗಿ, ಮೇಡಂ ಆ್ಯಪ್‌ನಲ್ಲಿ ಸ್ವೈಪ್ ಮಷೀನ್ ಆಪ್ಷನ್ ಆನ್ ಇದ್ಯಾ ನೋಡಿ ಅಂದ್ಲು. ನೋಡ್ತೀನಿ, ಆಫ್ ಇದೆ! ಯಾವಾಗ್ಲೋ ಸೇಫ್ಟಿಗೆ ಅಂತ ನಾನೇ ಆಫ್ ಮಾಡಿ ಮರ್ತಿದ್ದೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ ಆನ್‌ಲೈನ್, ಸ್ವೈಪ್, ಫಾರಿನ್ ಬಳಕೆ ಎಲ್ಲಕ್ಕೂ ಬೇರೆ ಬೇರೆ ಸ್ವಿಚ್ ಇದೆಯಲ್ಲ, ಅದು. ಆನ್ ಮಾಡಿ ಕೊಟ್ಟೆ, ಮಷೀನಿಂದ ಚೀಟಿ ಬಂತು, ಫೋನಿಗೆ 2 ರೂಪಾಯಿ ಕಟ್ ಆದ ಮೆಸೇಜ್ ಬಂತು. ಆ ಹುಡುಗಿಯನ್ನ ನಾನು ಮರ್ತಿಲ್ಲ.

ಆ 2 ರೂಪಾಯಿ ಏನು ಅಂತ ತುಂಬಾ ಜನ ಕೇಳ್ತಾರೆ. ಕಾರ್ಡ್ ಜೀವಂತ ಇದ್ಯಾ, ಈ ಕಾರ್ಡ್‌ಗೆ ಲೌಂಜ್ ಉಂಟಾ ಅಂತ ಬ್ಯಾಂಕನ್ನ ಕೇಳೋ ದಾರಿ ಅದು, ಕೆಲವು ಕಾರ್ಡ್‌ಗೆ 25 ರೂಪಾಯಿ ಇರುತ್ತೆ. ಬ್ಯಾಂಕ್ ಹೂಂ ಅಂದ್ರೆ ನಿಮ್ಮ ಊಟದ ಬಿಲ್ಲನ್ನ ಲೌಂಜ್‌ನವರು ತಲೆಗಿಷ್ಟು ಅಂತ ಬ್ಯಾಂಕ್‌ಗೋ ಕಾರ್ಡ್ ನೆಟ್‌ವರ್ಕ್‌ಗೋ (ರುಪೇ, ಮಾಸ್ಟರ್‌ಕಾರ್ಡ್ ಥರದವರು) ಕಳಿಸ್ತಾರೆ. ಫ್ರೀ ಅನ್ನೋದು ನಮಗೆ ಮಾತ್ರ, ಯಾರೋ ಒಬ್ರು ದುಡ್ಡು ಕಟ್ತಾನೇ ಇರ್ತಾರೆ. ಲೌಂಜ್‌ಗೂ ಬ್ಯಾಂಕ್‌ಗೂ ಮಧ್ಯೆ ಇದನ್ನೆಲ್ಲ ನಡೆಸಿಕೊಡೋ ಒಂದು ಕಂಪನಿ ಕೂಡ ಇರುತ್ತೆ ಎಷ್ಟೋ ಸಲ. ಡ್ರೀಮ್‌ಫೋಕ್ಸ್ ಅಂತ ಕೇಳಿರ್ತೀರಿ, 2024ರ ಸೆಪ್ಟೆಂಬರ್‌ನಲ್ಲಿ ಅವರ ಸೇವೆ ಏಕ್‌ದಂ ನಿಂತು ಸುಮಾರು ಏರ್‌ಪೋರ್ಟ್‌ಗಳಲ್ಲಿ ಜನ ಕಾರ್ಡ್ ಹಿಡ್ಕೊಂಡು ಬಾಗಿಲಲ್ಲೇ ಉಳಿದ್ರು, 2025ರ ಸೆಪ್ಟೆಂಬರ್‌ನಲ್ಲಂತೂ ದೇಶದೊಳಗಿನ ಲೌಂಜ್ ಸೇವೆನೇ ಅವರು ನಿಲ್ಲಿಸಿಬಿಟ್ರು. ಹಾಗಾಗಿ ನಿಮ್ಮ ಕಾರ್ಡ್ ಹೋದ ವರ್ಷ ಯಾವ ಲೌಂಜ್‌ನಲ್ಲಿ ನಡೀತಿತ್ತೋ ಅಲ್ಲೇ ಈಗ್ಲೂ ನಡೆಯುತ್ತೆ ಅಂತ ಇಟ್ಕೋಬೇಡಿ.

ಹೆಂಡ್ತಿ, ಮಗಳ ವಿಷಯ. ಸಾಮಾನ್ಯವಾಗಿ ಒಂದು ಕಾರ್ಡ್‌ಗೆ ಒಬ್ರು. ಮನೆಯವರ ಹೆಸರಲ್ಲಿ ಆಡ್-ಆನ್ ಕಾರ್ಡ್ (ನಿಮ್ಮ ಖಾತೆಗೇ ಸೇರಿದ ಇನ್ನೊಂದು ಕಾರ್ಡ್) ಮಾಡಿಸಿದ್ರೆ ಅವರೂ ಬರಬಹುದು, ಆದ್ರೆ ಅವರಿಗೆ ಬೇರೆ ಲೆಕ್ಕನೋ ಇಲ್ಲ ನಿಮ್ಮ 8ರಲ್ಲೇ ಕಳೆಯುತ್ತೋ ಅಂತ ಬ್ಯಾಂಕಲ್ಲಿ ಕೇಳ್ಕೊಳ್ಳಿ, ಎರಡೂ ಥರ ಇದೆ. ಮಕ್ಕಳಿಗೆ ಹೆಚ್ಚಿನ ಕಡೆ 2 ವರ್ಷದೊಳಗೆ ಮಾತ್ರ ಫ್ರೀ, 5 ವರ್ಷದ ಮಗಳಿಗೆ ದುಡ್ಡು ಕೊಡ್ಬೇಕಾಗುತ್ತೆ. ಮೂರು ಜನ ಹೋಗಿ ಒಬ್ರು ಮಾತ್ರ ಒಳಗೆ ಕೂತ್ಕೊಳ್ಳೋದು ಯಾರಿಗೂ ಬೇಡ, ಸಂಸಾರ ಸಮೇತ ಹೋಗೋವಾಗ ಇದನ್ನೆಲ್ಲ ಮನೆಯಲ್ಲೇ ನೋಡ್ಕೊಂಡು ಹೊರಡಿ. ಬ್ಯಾಂಕ್ ಆ್ಯಪ್‌ನಲ್ಲಿ ಲೌಂಜ್ ಅಥವಾ ವೋಚರ್ ಅಂತ ಜಾಗ ಇರುತ್ತೆ, ಎಷ್ಟು ಉಳಿದಿದೆ, ಯಾವ ಏರ್‌ಪೋರ್ಟು, ಯಾವ ಟರ್ಮಿನಲ್ಲು, ಎಲ್ಲ ಎರಡು ದಿನ ಮುಂಚೆ ನೋಡಿ. ಟರ್ಮಿನಲ್ ಮುಖ್ಯ, ಬೆಂಗಳೂರಲ್ಲಿ ಇಂಡಿಗೋ ದೇಶದೊಳಗಿನ ಫ್ಲೈಟ್ ಟರ್ಮಿನಲ್ 1, ಏರ್ ಇಂಡಿಯಾ ಮತ್ತೆ ಎಲ್ಲ ಫಾರಿನ್ ಫ್ಲೈಟ್ ಟರ್ಮಿನಲ್ 2. ಎರಡು ಕಡೆನೂ 080 ಲೌಂಜ್ ಅಂತ ಇದೆ, ನಮ್ಮೂರ ಎಸ್‌ಟಿಡಿ ಕೋಡೇ ಅದರ ಹೆಸರು, ಆದ್ರೆ ಸೆಕ್ಯೂರಿಟಿ ದಾಟಿದ ಮೇಲೆ ಇಲ್ಲಿಂದ ಅಲ್ಲಿಗೆ ಹೋಗೋಕಾಗಲ್ಲ.

ಪ್ರಶ್ನೆ: ನನ್ನ ಹತ್ರ ಯಾವ ಕ್ರೆಡಿಟ್ ಕಾರ್ಡೂ ಇಲ್ಲ. ದುಡ್ಡು ಕೊಟ್ಟು ಲೌಂಜ್‌ಗೆ ಹೋಗ್ಬಹುದಾ? ಅಷ್ಟು ದುಡ್ಡಿಗೆ ಬೆಲೆ ಇದ್ಯಾ? (ಶಿವಮೊಗ್ಗದ ಓದುಗರು)

ಉತ್ತರ: ಹೋಗ್ಬಹುದು, ಜಾಗ ಇದ್ರೆ ಬಾಗಿಲಲ್ಲೇ ದುಡ್ಡು ಕಟ್ಟಿ ಒಳಗೆ ಹೋಗೋ ವ್ಯವಸ್ಥೆ ಬಹಳ ಕಡೆ ಇದೆ. ಒಬ್ರಿಗೆ ಸಾವಿರದ ಮೇಲೇ ಆಗುತ್ತೆ, ಇರೋಕೆ ಬಿಡೋದು ಸಾಮಾನ್ಯವಾಗಿ 2ರಿಂದ 3 ಗಂಟೆ. ಒಂದು ಇಡ್ಲಿ, ಒಂದು ಕಾಫಿಗೋಸ್ಕರ ಅರ್ಧ ಗಂಟೆ ಕೂರೋಕಾದ್ರೆ ಬೇಡ ಅಂತೀನಿ. ಮಧ್ಯಾಹ್ನ ಊಟದ ಹೊತ್ತಲ್ಲಿ ಮೂರು ಗಂಟೆ ಕಾಯೋದಿದೆ, ಫೋನ್ ಚಾರ್ಜ್ ಮಾಡ್ಬೇಕು, ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡ್ಬೇಕು ಅಂದ್ರೆ ಲೆಕ್ಕ ಸರಿ ಹೋಗುತ್ತೆ, ಹೊರಗೆ ಒಂದು ಊಟ ಎರಡು ಕಾಫಿಗೆ ಎಷ್ಟಾಗುತ್ತೆ ಅಂತ ಪಕ್ಕದ ಅಂಗಡಿ ಬೋರ್ಡ್ ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದೋರಿಗೆ ಏರ್‌ಲೈನ್‌ನವರೇ ಲೌಂಜ್ ಕೊಡ್ತಾರೆ, ಏರ್‌ಲೈನ್ ಗುಂಪುಗಳು ಪದೇಪದೇ ಹಾರೋರಿಗೆ ಕೊಡೋ ಸ್ಟಾರ್ ಅಲಯನ್ಸ್ ಗೋಲ್ಡ್ ಥರದ ಮೆಂಬರ್‌ಶಿಪ್ ಇದ್ರೆ ಎಕಾನಮಿ ಟಿಕೆಟ್‌ನಲ್ಲೂ ಇನ್ನೊಬ್ರನ್ನ ಕರ್ಕೊಂಡು ಹೋಗ್ಬಹುದು, ಆದ್ರೆ ಅದು ನಮ್ಮಂಥೋರ ಮಾತಲ್ಲ.

ಲೌಂಜ್ ಬಿಟ್ಟೂ ದಾರಿ ಇದೆ ಅನ್ನೋದನ್ನ ನಾನು ಒತ್ತಿ ಹೇಳ್ತೀನಿ. ಚಪಾತಿ ಪಲ್ಯ, ಅವಲಕ್ಕಿ, ಚಿತ್ರಾನ್ನ ಮನೆಯಿಂದ ಕಟ್ಕೊಂಡು ಹೋಗಿ, ಸೆಕ್ಯೂರಿಟಿಯಲ್ಲಿ ಬಿಡ್ತಾರೆ, ಖಾಲಿ ಬಾಟ್ಲಿ ತಗೊಂಡು ಹೋದ್ರೆ ಒಳಗೆ ನೀರು ತುಂಬಿಸ್ಕೋಬಹುದು. ಕೋಲ್ಕತ್ತಾದಲ್ಲಿ 2024ರ ಡಿಸೆಂಬರ್‌ನಲ್ಲಿ ಉಡಾನ್ ಯಾತ್ರಿ ಕೆಫೆ ಅಂತ ಶುರು ಮಾಡಿದ್ರು, ಟೀ 10 ರೂಪಾಯಿ, ಸಮೋಸ 20, ಆಮೇಲೆ ಚೆನ್ನೈಗೂ ಬಂತು, ಆ ಕಡೆ ಹೋದ್ರೆ ಹುಡುಕಿ.

ಫ್ಲೈಟ್ ಲೇಟ್ ಆದ್ರೆ ಇನ್ನೂ ಮುಖ್ಯವಾದ ವಿಷಯ. ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಲ್ಲಿ, ಎರಡೂವರೆ ಗಂಟೆವರೆಗಿನ ಪ್ರಯಾಣದ ಫ್ಲೈಟ್ 2 ಗಂಟೆ ಮೇಲೆ ತಡ ಆದ್ರೆ ಏರ್‌ಲೈನ್‌ನವರು ಊಟ ತಿಂಡಿ ಕೊಡ್ಬೇಕು, ಅದಕ್ಕಿಂತ ದೂರದ್ದಾದ್ರೆ 3 ಗಂಟೆ, ಇನ್ನೂ ದೂರದ್ದಾದ್ರೆ 4 ಗಂಟೆ. ನೀವು ಟೈಮ್‌ಗೆ ಚೆಕ್-ಇನ್ ಮಾಡಿರ್ಬೇಕು ಅಷ್ಟೇ. ಇದು ನಿಮ್ಮ ಹಕ್ಕು. ಗೇಟ್ ಹತ್ರ ಇರೋರನ್ನ ಮರ್ಯಾದೆಯಿಂದ ಆದ್ರೆ ಗಟ್ಟಿಯಾಗಿ ಕೇಳಿ.

ಪ್ರಶ್ನೆ: ಅಕ್ಕ, ನಾನು ನ್ಯೂಜೆರ್ಸಿಯಲ್ಲಿದೀನಿ, ಊರು ಹಾಸನ. ಅಪ್ಪ ಅಮ್ಮ ಮೊದಲ ಸಲ ಬೆಂಗಳೂರಿಂದ ದುಬೈ ಮೇಲೆ ಇಲ್ಲಿಗೆ ಬರ್ತಿದಾರೆ, ದುಬೈನಲ್ಲಿ 6 ಗಂಟೆ ಕಾಯ್ಬೇಕು. ನನ್ನ ಪ್ರಯಾರಿಟಿ ಪಾಸ್ ಕಾರ್ಡ್ (ಬೇರೆ ಬೇರೆ ದೇಶದ ಲೌಂಜ್‌ಗಳಿಗೆ ಹೋಗೋ ಮೆಂಬರ್‌ಶಿಪ್) ಅವರಿಗೆ ಕೊಡ್ಬಹುದಾ? ಅಪ್ಪಂಗೆ ಇಂಡಿಯಾದ ಬ್ಯಾಂಕ್ ಕಾರ್ಡ್ ಜೊತೆ ಬಂದ ಪ್ರಯಾರಿಟಿ ಪಾಸ್ ಕೂಡ ಇದೆ, ಯಾವತ್ತೂ ಬಳಸಿಲ್ಲ.

ಉತ್ತರ: ನಿಮ್ದು ಕೊಡೋಕಾಗಲ್ಲಮ್ಮ. ಬೋರ್ಡಿಂಗ್ ಪಾಸ್‌ನಲ್ಲಿರೋ ಹೆಸರು, ಕಾರ್ಡ್‌ನಲ್ಲಿರೋ ಹೆಸರು ಎರಡೂ ಒಂದೇ ಇರ್ಬೇಕು, ಕಾರ್ಡ್ ಇರೋರು ಖುದ್ದು ಬಂದಿರ್ಬೇಕು. ಅಪ್ಪಂದು ಇದೆಯಲ್ಲ, ಅದು ಉಪಯೋಗಕ್ಕೆ ಬರುತ್ತೆ, ಆದ್ರೆ ಮೊದಲು ಬ್ಯಾಂಕ್‌ಗೆ ಫೋನ್ ಮಾಡ್ಸಿ ಮೂರು ವಿಷಯ ಕೇಳ್ಸಿ: ಆ್ಯಕ್ಟಿವೇಟ್ ಆಗಿದ್ಯಾ, ಎಷ್ಟು ಸಲ ಫ್ರೀ, ಅಮ್ಮನ್ನ ಗೆಸ್ಟ್ ಅಂತ ಕರ್ಕೊಂಡು ಹೋದ್ರೆ ಎಷ್ಟು ಚಾರ್ಜು. ಗೆಸ್ಟ್‌ಗೆ ಡಾಲರ್ ಲೆಕ್ಕದಲ್ಲಿ ಆಮೇಲೆ ಕಾರ್ಡ್ ಬಿಲ್ಲಿಗೆ ಬರುತ್ತೆ, ಬಾಗಿಲಲ್ಲಿ ಯಾರೂ ದುಡ್ಡು ಕೇಳಲ್ಲ, ಅದಕ್ಕೇ ಜನ ಫ್ರೀ ಅಂದ್ಕೊಂಡು ಒಳಗೆ ಹೋಗಿರ್ತಾರೆ. ಹೊರಡೋ ದಿನ ಬೆಂಗಳೂರಲ್ಲಿ ಮಾತ್ರ ಪ್ರಯಾರಿಟಿ ಪಾಸ್ ತೋರಿಸೋದು ಬೇಡ ಅಂತ ಅಪ್ಪಂಗೆ ಹೇಳಿ. ನಮ್ಮ ಬ್ಯಾಂಕ್‌ಗಳು ಕೊಡೋ ಪ್ರಯಾರಿಟಿ ಪಾಸ್ ಎಷ್ಟೋ ಇರೋದು ದೇಶದ ಹೊರಗೆ ಬಳಸೋಕೆ, ಇಂಡಿಯಾ ಒಳಗೆ ಬಳಸಿದ್ರೆ ಒಂದು ಸಲಕ್ಕೆ 27 ಡಾಲರ್ ಪ್ಲಸ್ ಜಿಎಸ್‌ಟಿ ಹಾಕಿರೋ ಕಾರ್ಡ್‌ಗಳನ್ನ ನಾನೇ ನೋಡಿದೀನಿ. ಅದೇ ಲೌಂಜ್‌ನಲ್ಲಿ ಕ್ರೆಡಿಟ್ ಕಾರ್ಡ್ ಕೊಟ್ಟಿದ್ರೆ 2 ರೂಪಾಯಲ್ಲಿ ಆಗಿರೋದು!

ದುಬೈನಲ್ಲಿ ಇಬ್ರಿಗೂ ದುಡ್ಡು ಕೊಟ್ಟೇ ಮಾಡೋದಾದ್ರೆ ಮರ್ಹಬಾ ಲೌಂಜ್ ಇದೆ, ಅವರದ್ದೇ ವೆಬ್‌ಸೈಟ್‌ನಲ್ಲಿ ಮುಂಚೆನೇ ಅಪ್ಪ ಅಮ್ಮನ ಹೆಸರಲ್ಲಿ ಬುಕ್ ಮಾಡಿ, ಪ್ರಿಂಟ್ ಕೈಗೆ ಕೊಡಿ. ಎಮಿರೇಟ್ಸ್ ಆದ್ರೆ ಟರ್ಮಿನಲ್ 3, ಅದರೊಳಗೆ ಎ, ಬಿ, ಸಿ ಅಂತ ಕಾನ್‌ಕೋರ್ಸ್‌ಗಳು (ಗೇಟ್‌ಗಳಿರೋ ಬೇರೆ ಬೇರೆ ಕಟ್ಟಡ), ಎ ಕಡೆ ಹೋಗೋಕೆ ಟ್ರೈನ್ ಹತ್ಬೇಕು. ಮುಂದಿನ ಫ್ಲೈಟ್ ಗೇಟ್ ಎಲ್ಲಿದ್ಯೋ ಆ ಕಡೆ ಲೌಂಜೇ ಒಳ್ಳೇದು, ಇಲ್ಲಾಂದ್ರೆ ಊಟ ಮುಗಿಸಿ ಮತ್ತೆ ಅಷ್ಟು ದೂರ ನಡೀಬೇಕಾಗುತ್ತೆ. ಬೇರೆ ಏರ್‌ಪೋರ್ಟ್ ಮೇಲೆ ಬರೋರಿಗೂ ಒಂದು ಮಾತು, ಕೆಲವು ಲೌಂಜ್ ಇಮಿಗ್ರೇಷನ್ ಆಚೆ ಇರುತ್ತೆ, ಆ ದೇಶದ ವೀಸಾ ಇಲ್ಲದೆ ಅಲ್ಲಿಗೆ ಹೋಗೋಕೇ ಆಗಲ್ಲ, ಬುಕ್ ಮಾಡೋ ಮುಂಚೆ ಇದನ್ನ ನೋಡಿ.

ಆದ್ರೆ ನನ್ನ ಕೇಳಿದ್ರೆ, ಮೊದಲ ಸಲ ಬರೋ ಅಪ್ಪ ಅಮ್ಮಂಗೆ ಲೌಂಜ್‌ಗಿಂತ ಮೊದಲು ವೀಲ್‌ಚೇರ್ ಬುಕ್ ಮಾಡಿ. ನಡಿಯೋಕೆ ಆಗುತ್ತೆ ಅಂತ ಅಪ್ಪ ಹಠ ಮಾಡ್ತಾರೆ, ಮಾಡ್ಲಿ, ಟಿಕೆಟ್‌ನಲ್ಲೇ ಹಾಕಿಸಿ, ಹೊರಡೋಕೆ ಎರಡು ದಿನ ಮುಂಚೆ ಏರ್‌ಲೈನ್‌ಗೆ ಮತ್ತೊಮ್ಮೆ ಫೋನ್ ಮಾಡಿ. ವೀಲ್‌ಚೇರ್ ತಳ್ಳೋರು ಒಂದು ಕಡೆ ಕೂರಿಸಿ ಹೋಗ್ತಾರೆ, ಅವರಿಗೆ ಲೌಂಜ್ ಪ್ರಿಂಟ್ ತೋರ್ಸಿ ಅಲ್ಲಿಗೇ ಬಿಡಿ, ಇಷ್ಟೊತ್ತಿಗೆ ಕರ್ಕೊಂಡು ಹೋಗಿ ಅಂತ ಕೇಳೋಕೆ ಒಂದು ಚೀಟಿಯಲ್ಲಿ ಮೇಲೆ ಕನ್ನಡ ಕೆಳಗೆ ಇಂಗ್ಲಿಷ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಮ್ಮನ ಪರ್ಸ್‌ನಲ್ಲಿಡಿ. ಅಪ್ಪನ ವಾಚ್‌ನಲ್ಲಿ ಇಂಡಿಯಾ ಟೈಮೇ ಇರುತ್ತೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಬೋರ್ಡಿಂಗ್ ಪಾಸ್ ನೋಡಿ ಫ್ಲೈಟ್ ಹೋಗೇಬಿಡ್ತು ಅಂತ ಗಾಬರಿ ಬಿದ್ದೋರನ್ನ ನಾನು ಫೋನಲ್ಲಿ ಸಮಾಧಾನ ಮಾಡಿದೀನಿ, ಅದಕ್ಕೇ ಆ ಚೀಟಿಯಲ್ಲೇ ಎರಡೂ ಟೈಮ್ ಬರೀರಿ. ಲೌಂಜ್ ಒಳಗೆ ಬೋರ್ಡಿಂಗ್ ಅನೌನ್ಸ್‌ಮೆಂಟ್ ಹೆಚ್ಚಿನ ಕಡೆ ಮಾಡಲ್ಲ, ಬೆಂಗಳೂರಲ್ಲಂತೂ ಹೊರಗೂ ಮಾಡಲ್ಲ. ಮೆತ್ತನೆ ಸೋಫಾದಲ್ಲಿ ಕಣ್ಣು ಹತ್ತಿ ಫ್ಲೈಟ್ ಬಿಟ್ಟೋರಿದಾರೆ. ಫೋನಲ್ಲಿ ಅಲಾರಂ ಇಟ್ಟೇ ಕೂರ್ಲಿ.

ಊಟದ ವಿಷಯಕ್ಕೆ, ಸಸ್ಯಾಹಾರ ಸಿಗುತ್ತೆ, ಆದ್ರೆ ಪಾತ್ರೆ ಮುಂದಿರೋ ಹೆಸರಿನ ಚೀಟಿ ಓದಿ ಹಾಕ್ಕೊಳ್ಳೋಕೆ ಹೇಳಿ, ಅನುಮಾನ ಬಂದ್ರೆ ಅಲ್ಲಿರೋ ಹುಡುಗರನ್ನ ಕೇಳ್ಲಿ. ಮೊಸರು, ಹಣ್ಣು, ಬ್ರೆಡ್ ಅಂತೂ ಇದ್ದೇ ಇರುತ್ತೆ.

ಪ್ರಶ್ನೆ: ಲೌಂಜ್ ಪಾಸ್ ಕೊಡೋ ಆ್ಯಪ್ ಅಂತ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಬಂದಿದೆ. ಹಾಕ್ಕೊಳ್ಳಲಾ? (ಮೈಸೂರಿನ ಓದುಗರು)

ಉತ್ತರ: ದಯವಿಟ್ಟು ಬೇಡ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರು ಏರ್‌ಪೋರ್ಟ್‌ನಲ್ಲೇ ಇದು ಆಗಿದೆ. ಒಬ್ಬ ಹೆಣ್ಮಗಳು ಲೌಂಜ್‌ಗೆ ಹೋಗ್ಬೇಕು ಅಂತ ಕಾರ್ಡ್ ಫೋಟೋ ತೋರಿಸಿದ್ರು, ಲೌಂಜ್ ಪಾಸ್ ಅನ್ನೋ ಆ್ಯಪ್ ಹಾಕ್ಕೊಳ್ಳಿ ಅಂತ ಹೇಳಿದ್ದನ್ನ ನಂಬಿ ಹಾಕ್ಕೊಂಡ್ರು. ಕೊನೆಗೆ ಲೌಂಜ್ ಕೂಡ ಬಳಸ್ಲಿಲ್ಲ ಅವರು. ಆಮೇಲೆ ನೋಡಿದ್ರೆ ಕಾರ್ಡ್‌ನಿಂದ 87,000 ರೂಪಾಯಿಗೂ ಮೇಲೆ ಹೋಗಿತ್ತು. ಆ ಆ್ಯಪ್ ಫೋನಿಗೆ ಬರೋ ಎಸ್‌ಎಂಎಸ್‌ನೆಲ್ಲ ಕಳ್ಳರಿಗೆ ಕಳಿಸ್ತಿತ್ತು, ಅಂದ್ರೆ ಒಟಿಪಿ ನಿಮಗೂ ಬರುತ್ತೆ ಅವರಿಗೂ ಹೋಗುತ್ತೆ. ಇದೇ ಆ್ಯಪ್‌ನ ನೂರಾರು ಜನ ಹಾಕ್ಕೊಂಡಿದ್ರು ಅಂತ ಕ್ಲೌಡ್‌ಸೆಕ್ ಅನ್ನೋ ಸೈಬರ್ ಸೆಕ್ಯೂರಿಟಿ ಕಂಪನಿ ಆಮೇಲೆ ಕಂಡುಹಿಡೀತು.

ಲೌಂಜ್‌ಗೆ ಬೇಕಾಗಿರೋದು ಕೈಯಲ್ಲಿರೋ ಅಸಲಿ ಕಾರ್ಡು, ಬೋರ್ಡಿಂಗ್ ಪಾಸು, ಇಲ್ಲಾಂದ್ರೆ ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲೇ ಬರೋ ವೋಚರ್ರು. ಯಾರೋ ಕಳಿಸಿದ ಲಿಂಕ್‌ನಿಂದ ಆ್ಯಪ್ ಹಾಕ್ಕೊಳ್ಳೋದು, ಮುಖದ ಫೋಟೋ ಕೊಡೋದು, ಸ್ಕ್ರೀನ್ ಶೇರ್ ಮಾಡೋದು ಯಾವುದೂ ಬೇಕಾಗಿಲ್ಲ. ಈಗಾಗ್ಲೇ ಹಾಕ್ಕೊಂಡಿದ್ರೆ ಫೋನ್ ನೆಟ್ ಆಫ್ ಮಾಡಿ, ಆ ಆ್ಯಪ್ ತೆಗೀರಿ, ಬೇರೆ ಫೋನಿಂದ ಬ್ಯಾಂಕ್‌ಗೆ ಹೇಳಿ ಕಾರ್ಡ್ ಬ್ಲಾಕ್ ಮಾಡ್ಸಿ. ದುಡ್ಡು ಹೋಗಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ನೋಡೋಣ ಅಂತ ಮಲಗ್ಬೇಡಿ.