ಡೀಸೆಲ್ ಚೆಲ್ಲಿದ ಮಣ್ಣಿಗೆ ಅಣಬೆ ಹಾಕಿದ್ರೆ ಸರಿ ಹೋಗುತ್ತಾ?

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಹತ್ರ ಸಣ್ಣ ಕಾಫಿ ತೋಟ. ಪಂಪ್‌ಸೆಟ್ ಶೆಡ್ ಪಕ್ಕ ಡೀಸೆಲ್ ಡ್ರಮ್ ಸೋರಿ ಎರಡು ಮಂಚದಷ್ಟು ಜಾಗದಲ್ಲಿ ಹುಲ್ಲೂ ಹುಟ್ತಿಲ್ಲ. ಅಣಬೆ ಬೆಳೆಸಿದ್ರೆ ಡೀಸೆಲ್ ತಿಂದ್ಬಿಡುತ್ತೆ ಅಂತಾಳೆ ಮಗಳು. ನಿಜಾನಾ? ಆ ಅಣಬೇನ ಸಾರು ಮಾಡಬಹುದಾ?

ಉತ್ತರ: ಸಾರಿನ ಆಸೆ ಮೊದ್ಲು ಬಿಡಿ. ಮಿಕ್ಕಿದ್ದರಲ್ಲಿ ಮಗಳು ಹೇಳಿದ್ದು ಸರಿಯಾಗೇ ಇದೆ.

ತೋಟದಲ್ಲಿ ಬಿದ್ದು ಕೊಳೀತಿರೋ ಸಿಲ್ವರ್ ಓಕ್ ದಿಮ್ಮಿ ತೊಗಟೆ ಎಬ್ಬಿಸಿ ನೋಡಿ, ಕೆಳಗೆ ಅಣಬೆಯ ಬಿಳಿ ನೂಲು ಹರಡಿರುತ್ತಲ್ಲ, ಕೆಲಸ ಮಾಡೋದು ಅದು, ಮೇಲೆ ಕಾಣೋ ಕೊಡೆ ಅಲ್ಲ. ಮರ ಗಟ್ಟಿ ಇರೋದು ಲಿಗ್ನಿನ್‌ನಿಂದ, ಅದನ್ನ ಒಡೆಯೋಕೆ ಈ ನೂಲು ಲ್ಯಾಕೇಸ್, ಪೆರಾಕ್ಸಿಡೇಸ್ ಅನ್ನೋ ಕಿಣ್ವ ಹೊರಗೆ ಬಿಡುತ್ತೆ, ಡೀಸೆಲ್‌ನಲ್ಲಿರೋ ಕೆಲವು ಉಂಗುರದ ಆಕಾರದ ಅಣುಗಳೂ ಲಿಗ್ನಿನ್ ತರಾನೇ ಇರೋದ್ರಿಂದ ಅವೂ ಒಡೀತವೆ. ಹಗುರ ಭಾಗ ಒಂದಷ್ಟು ಆವಿಯಾಗಿ ಹೋಗುತ್ತೆ, ಇನ್ನೊಂದಷ್ಟನ್ನ ಮಣ್ಣಿನ ಬ್ಯಾಕ್ಟೀರಿಯಾನೇ ತಿನ್ನುತ್ತೆ, ಪೂರ್ತಿ ಕ್ರೆಡಿಟ್ ಅಣಬೆಗೆ ಕೊಡಬೇಡಿ. 1990ರ ದಶಕದ ಕೊನೇಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಅಣಬೆ ತಜ್ಞ ಪೌಲ್ ಸ್ಟ್ಯಾಮೆಟ್ಸ್ ಮತ್ತು ಜೊತೆಯವರು ಡೀಸೆಲ್ ಮಣ್ಣಿನ ಗುಡ್ಡೆಗೆ ಸಿಂಪಿ ಅಣಬೆ ಸೇರಿಸಿದಾಗ ಅದರ ಮೇಲೆ ಅಣಬೆ ತುಂಬ್ಕೊಂಡು ಬಂತು, ಬೇರೆ ಗುಡ್ಡೆಗಳು ಕಪ್ಪಗೆ ನಾರ್ತಾನೇ ಇದ್ವು.

ನೀವು ಮಾಡೋದಾದ್ರೆ, ಅಣಬೆ ಬೀಜ ಒಂದನ್ನೇ ತಂದು ಮಣ್ಣಿಗೆ ಎರಚಿದ್ರೆ ಸತ್ತು ಹೋಗುತ್ತೆ, ಅದಕ್ಕೆ ಊಟ ಬೇಕು. ಸಿಂಪಿ ಅಣಬೆ ಬೆಳೆಯೋರ ಹತ್ರ ಬೆಳೆ ಮುಗಿದ ಹುಲ್ಲಿನ ಬ್ಯಾಗ್ ಸಿಗುತ್ತೆ, ಎಸೆಯೋದೇ ಅದು, ನೂಲು ಇನ್ನೂ ಜೀವಂತ ಇರುತ್ತೆ. ಮಣ್ಣು ಅಗೆದು ಪ್ಲಾಸ್ಟಿಕ್ ಹಾಳೆ ಮೇಲೆ ಹಾಕಿ, ಆ ಹುಲ್ಲನ್ನ ಪುಡಿ ಮಾಡಿ ಧಾರಾಳವಾಗಿ ಬೆರೆಸಿ, ಜೊತೆಗೆ ಹೊಸ ಭತ್ತದ ಹುಲ್ಲೂ ಸೇರಿಸಿ, ನೆರಳಲ್ಲಿ ಗಾಳಿ ಆಡೋ ಹಾಗೆ ಗುಡ್ಡೆ ಮಾಡಿ. ಹಿಂಡಿದ್ರೆ ಉಂಡೆ ಆಗ್ಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ. ಮೇಲೆ ಟಾರ್ಪಾಲ್ ಕಟ್ಟೋದು ಮರೀಬೇಡಿ, ನಮ್ಮ ಮಲೆನಾಡಿನ ಆಷಾಢದ ಮಳೆಗೆ ಬಿಟ್ರೆ ಡೀಸೆಲ್ ನೇರ ಹಳ್ಳಕ್ಕೆ. ವಾರದಲ್ಲಿ ಆಗೋ ಕೆಲಸ ಅಲ್ಲ, ತಿಂಗಳುಗಟ್ಟಲೆ ಹಿಡಿಯುತ್ತೆ.

ಹಳೇ ಎಂಜಿನ್ ಆಯಿಲ್ಲೂ ಅಲ್ಲೇ ಚೆಲ್ಲಿದ್ರೆ ಅದರಲ್ಲಿ ಸೀಸದಂಥ ಲೋಹ ಇರಬಹುದು, ಲೋಹನ ಯಾವ ಅಣಬೇನೂ ಕರಗಿಸಲ್ಲ, ಮೈಗೆ ಹೀರ್ಕೊಳ್ಳುತ್ತೆ ಅಷ್ಟೆ. ಸಾರು ಬೇಡ ಅಂದಿದ್ದು ಅದಕ್ಕೇ, ದನಕ್ಕೂ ಹಾಕ್ಬೇಡಿ.

ಆಗಾಗ ಒಂದು ಹಿಡಿ ಮಣ್ಣು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ನೋಡಿ, ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ತಿದ್ರೆ ಇನ್ನೂ ಎಣ್ಣೆ ಇದೆ ಅಂತ. ಪೊರೆ ಕಟ್ಟದಿದ್ರೂ ತರಕಾರಿ ಹಾಕೋ ಮುಂಚೆ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿ. ಅಂದಹಾಗೆ, ಆ ಡ್ರಮ್ ಬದಲಾಯಿಸಿದ್ರಾ?