ಬೋರ್ಡೋ ವೈನ್ ಮಿಶ್ರಣದ ದ್ರಾಕ್ಷಿ ತಳಿಗಳನ್ನು ಒಂದೇ ಪ್ಲಾಟಿನಲ್ಲಿ ಬೆರೆಸಿ ನೆಡಬಹುದೇ?

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಮಿತ್ರರು ಎರಡು ಎಕರೆಯಲ್ಲಿ ವೈನ್ ದ್ರಾಕ್ಷಿ ಹಾಕುವ ವಿಚಾರದಲ್ಲಿದ್ದಾರೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನು ಕ್ಯಾಬರ್ನೆ ಸೊವಿನ್ಯೋ, ಮೆರ್ಲೋ ಮುಂತಾದ ತಳಿಗಳ ಮಿಶ್ರಣವೆಂದು ಓದಿರುವ ಅವರು, ಅದೇ ಪ್ರಮಾಣದಲ್ಲಿ ಸಸಿಗಳನ್ನು ಬೆರೆಸಿ ನೆಟ್ಟು ಒಟ್ಟಿಗೆ ಕೊಯ್ಯಬಹುದೇ ಎಂದು ಕೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೋರ್ಡೋದವರು ತೋಟದಲ್ಲಿ ಬೆರೆಸುವುದಿಲ್ಲ, ತೊಟ್ಟಿಯಲ್ಲಿ ಬೆರೆಸುತ್ತಾರೆ; ಅವರ ಪ್ರಮಾಣವೂ ಒಂದೇ ಆಗಿ ನಿಲ್ಲುವುದಿಲ್ಲ. ಇದಕ್ಕೆ ಕಾರಣ ಅಲ್ಲಿನ ಮಣ್ಣು ಮತ್ತು ಮಳೆ.

ಬೋರ್ಡೋ ಇರುವುದು ಫ್ರಾನ್ಸಿನ ನೈರುತ್ಯದಲ್ಲಿ, ಅಟ್ಲಾಂಟಿಕ್ ಸಾಗರದ ಹತ್ತಿರ. ಗರೋನ್ ಮತ್ತು ದೋರ್ದೋನ್ ನದಿಗಳು ಕೂಡಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗುತ್ತವೆ. ಎಡದಂಡೆಯ ಮೆದೋಕ್ ಮತ್ತು ಗ್ರಾವ್ ಭಾಗಗಳಲ್ಲಿ ನದಿ ತಂದು ಹಾಕಿದ ಗರಸು ನೆಲವಿದ್ದು, ನೀರು ಬೇಗ ಬಸಿದುಹೋಗುತ್ತದೆ ಮತ್ತು ಕಲ್ಲುಗಳು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ನಿಧಾನವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯೋ ಅಲ್ಲಿ ಮೇಲುಗೈ ಪಡೆದಿದೆ. ಬಲದಂಡೆಯ ಸೇಂತ್ ಎಮಿಲಿಯೋಂ ಮತ್ತು ಪೊಮೆರೋಲ್‌ಗಳಲ್ಲಿ ಜೇಡಿಯೂ ಸುಣ್ಣಕಲ್ಲೂ ಹೆಚ್ಚು. ತಂಪಾದ ಆ ನೆಲದಲ್ಲಿ ಮೊದಲೇ ಮಾಗುವ ಮೆರ್ಲೋ ಮತ್ತು ಅದರ ಜೊತೆಗೆ ಕ್ಯಾಬರ್ನೆ ಫ್ರಾಂಕ್ ಚೆನ್ನಾಗಿ ಬರುತ್ತವೆ. ಪೊಮೆರೋಲ್‌ನ ಪೆತ್ರೂಸ್ ಹೆಚ್ಚುಕಡಿಮೆ ಪೂರ್ತಿ ಮೆರ್ಲೋ ವೈನು. ಸೇಂತ್ ಎಮಿಲಿಯೋಂನ ಶೆವಾಲ್ ಬ್ಲಾಂ ತೋಟದಲ್ಲಾದರೆ ಕ್ಯಾಬರ್ನೆ ಫ್ರಾಂಕ್‌ನ ಪಾಲು ಅಸಾಮಾನ್ಯವಾಗಿ ದೊಡ್ಡದು. ಎರಡೂ ಬೋರ್ಡೋ ವೈನುಗಳೇ ಆಗಿರುವಾಗ ನೀವು ಯಾವ ಪ್ರಮಾಣವನ್ನು ಅನುಸರಿಸುತ್ತೀರಿ?

ಹವಾಮಾನದ ವಿಷಯ ಇನ್ನೂ ಮುಖ್ಯ. ಮೆರ್ಲೋ ಬೇಗ ಚಿಗುರುವುದರಿಂದ ಏಪ್ರಿಲ್ ತಿಂಗಳ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ, ಹೂವಿನ ಕಾಲದಲ್ಲಿ ಚಳಿಯೋ ಮಳೆಯೋ ಬಂದರೆ ಹೂವು ಉದುರಿ ಗೊಂಚಲು ಬರಿದಾಗುತ್ತದೆ. ತಡವಾಗಿ ಚಿಗುರುವ ಕ್ಯಾಬರ್ನೆಗೆ ಹಿಮದ ಕಾಟ ಕಡಿಮೆಯಾದರೂ, ಕೊಯ್ಲು ಮುಂದಕ್ಕೆ ಹೋಗಿ ಶರತ್ಕಾಲದ ಮಳೆ ಹಿಡಿದುಕೊಂಡರೆ ಕಾಯಿ ಪೂರ್ತಿ ಮಾಗದೆ ಹಸಿ ಒಗರು ಉಳಿಯುತ್ತದೆ. ಒಂದು ತಳಿ ಕೈಕೊಟ್ಟ ವರ್ಷ ಇನ್ನೊಂದು ಕೈಹಿಡಿಯಲಿ ಎನ್ನುವುದು, ಜೋಳದ ನಡುವೆ ಅಕ್ಕಡಿ ಸಾಲು ಹಾಕುವ ನಮ್ಮ ಹಿರಿಯರ ಲೆಕ್ಕಾಚಾರವೇ. ರುಚಿಯ ಹೊಂದಾಣಿಕೆಯೂ ಇದರ ಜೊತೆಗೇ ಬಂದಿತು: ಕ್ಯಾಬರ್ನೆ ಒಗರನ್ನೂ ಬಾಳಿಕೆಯನ್ನೂ ಕೊಟ್ಟರೆ ಮೆರ್ಲೋ ಮೃದುತ್ವವನ್ನು ಕೊಡುತ್ತದೆ, ಕ್ಯಾಬರ್ನೆ ಫ್ರಾಂಕ್ ಪರಿಮಳವನ್ನು, ಪೆತಿ ವೆರ್ಡೋ ಬಣ್ಣವನ್ನು ಸೇರಿಸುತ್ತವೆ.

ಆದ್ದರಿಂದಲೇ ಅಲ್ಲಿ ಪ್ರತಿ ತಳಿಯನ್ನೂ, ಒಳ್ಳೆಯ ತೋಟಗಳಲ್ಲಿ ಪ್ರತಿ ಪ್ಲಾಟನ್ನೂ, ಅದು ಮಾಗಿದ ದಿನವೇ ಕೊಯ್ದು ಬೇರೆ ಬೇರೆ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ. ಮಿಶ್ರಣದ ತೀರ್ಮಾನವಾಗುವುದು ಸಾಮಾನ್ಯವಾಗಿ ಕೊಯ್ಲಿನ ನಂತರದ ಚಳಿಗಾಲದಲ್ಲಿ, ಒಂದೊಂದು ತೊಟ್ಟಿಯ ರುಚಿಯನ್ನೂ ನೋಡಿದ ಮೇಲೆಯೇ. ಮುಖ್ಯ ವೈನಿಗೆ ತಕ್ಕದ್ದಲ್ಲವೆಂದು ಬದಿಗಿಟ್ಟ ತೊಟ್ಟಿಗಳು ಎರಡನೆಯ ಲೇಬಲ್ಲಿನಡಿ ಮಾರಾಟವಾಗುತ್ತವೆ. ಉಳಿದದ್ದು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾಗುತ್ತದೆ. ಒಟ್ಟಿಗೆ ನೆಟ್ಟು ಒಟ್ಟಿಗೆ ಕೊಯ್ದರೆ ಈ ಆಯ್ಕೆಯ ಅವಕಾಶವೆಲ್ಲ ಕಳೆದುಹೋಗುತ್ತದೆ, ಅಲ್ಲದೆ ಒಂದು ತಳಿ ಹಣ್ಣಾಗಿ ಬಾಡುವಾಗ ಇನ್ನೊಂದು ಇನ್ನೂ ಕಾಯಾಗಿರುತ್ತದೆ.

(ಡೌನಿ ಎಂಬ ಬೂಜು ರೋಗಕ್ಕೆ ನಾವೆಲ್ಲರೂ ಹೊಡೆಯುವ ಬೋರ್ಡೋ ದ್ರಾವಣವೂ ಆ ಮಳೆಯ ನಾಡಿನದೇ. ಮೆದೋಕ್‌ನಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗುಲದಿರುವುದನ್ನು ಗಮನಿಸಿದ ಪ್ರಾಧ್ಯಾಪಕ ಮಿಲಾರ್ಡೆ 1885ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು.)

ನಮ್ಮಲ್ಲಿ ಸ್ಥಿತಿ ಬೇರೆ. ಹಿಮದ ಭಯವಿಲ್ಲ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರುವ ನಾವು, ಕೊಯ್ಲು ಯಾವಾಗ ಬರಬೇಕೆಂಬುದನ್ನು ಬಹುಮಟ್ಟಿಗೆ ಎರಡನೆಯ ಚಾಟ್ನಿಯ ದಿನಾಂಕದಿಂದಲೇ ನಿರ್ಧರಿಸುತ್ತೇವೆ. ಫೆಬ್ರವರಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ನಮಗಿರುವ ತೊಂದರೆ, ಸಕ್ಕರೆ ಬೇಗ ಏರಿ ಹುಳಿ ಇಳಿದುಹೋಗುವುದು. ಹೀಗಿರುವಾಗ ಬೇಗ ಮಾಗುವ ಮೆರ್ಲೋವನ್ನು ವಿಮೆಯಾಗಿ ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಬೋರ್ಡೋದ ತಂಪಿನಲ್ಲಿ ಎಷ್ಟೋ ವರ್ಷ ಸರಿಯಾಗಿ ಮಾಗದ ಪೆತಿ ವೆರ್ಡೋಗೆ ಬಿಸಿಲೇ ಬೇಕು, ಹಾಗಾಗಿ ಅದನ್ನು ಪರಿಗಣಿಸಬಹುದು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನ್ ಸಂಸ್ಥೆಗೆ ಬೋರ್ಡೋದವರೇ ಆದ ಮಿಶೆಲ್ ರೋಲಾಂ ಸಲಹೆಗಾರರಾಗಿದ್ದರೂ, ಅದರ ಹೆಸರಾಂತ ‘ಲಾ ರಿಸರ್ವ್’ ಕ್ಯಾಬರ್ನೆ ಮತ್ತು ಶಿರಾಜ್‌ಗಳ ಮಿಶ್ರಣವಾಗಿದೆ ಎಂಬುದನ್ನು ಗಮನಿಸಿ. ಬೋರ್ಡೋದಲ್ಲಿಯೂ ಬಿಸಿ ಹೆಚ್ಚುತ್ತಿರುವ ಕಾರಣ 2021ರಲ್ಲಿ ತೂರಿಗಾ ನಾಸಿಯೊನಾಲ್, ಮಾರ್ಸೆಲಾನ್ ಸೇರಿದಂತೆ ನಾಲ್ಕು ಹೊಸ ಕೆಂಪು ತಳಿಗಳಿಗೆ ಅನುಮತಿ ಸಿಕ್ಕಿತು. ಆದರೆ ಅವು ತೋಟದ ಶೇ 5ನ್ನೂ ಮಿಶ್ರಣದ ಶೇ 10ನ್ನೂ ಮೀರುವಂತಿಲ್ಲ.

ಸಸಿ ತರುವಾಗ ತಳಿಯ ಗುರುತನ್ನು ಖಚಿತಪಡಿಸಿಕೊಳ್ಳಿ. ಬೋರ್ಡೋದ ಹಳೆಯ ತಳಿಯಾದ ಕಾರ್ಮೆನೇರ್ ಚಿಲಿ ದೇಶದಲ್ಲಿ ಮೆರ್ಲೋ ಎಂಬ ಹೆಸರಿನಲ್ಲಿಯೇ ಬೆಳೆಯುತ್ತಿದ್ದು, 1994ರಲ್ಲಿ ಫ್ರಾನ್ಸಿನ ತಜ್ಞ ಬೂರ್ಸಿಕೋ ಅದನ್ನು ಗುರುತಿಸುವವರೆಗೂ ಈ ಗೊಂದಲ ಮುಂದುವರಿದಿತ್ತು. ಕಾರ್ಮೆನೇರ್ ಮೆರ್ಲೋಗಿಂತ ವಾರಗಳಷ್ಟು ತಡವಾಗಿ ಮಾಗುವುದರಿಂದ, ಎರಡನ್ನೂ ಒಂದೇ ದಿನ ಕೊಯ್ದವರ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಉಳಿಯುತ್ತಿತ್ತು. ಬೆರೆಸಿ ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಿಮ್ಮ ಎರಡು ಎಕರೆಗೆ ನನ್ನ ಸಲಹೆ ಇಷ್ಟು: ಒಂದೇ ತಳಿ ಹಾಕಿ, ಅಥವಾ ಎರಡು ತಳಿ ಬೇಕೇ ಬೇಕೆಂದರೆ ಒಂದೊಂದು ಎಕರೆಯನ್ನು ಬೇರೆ ಮಾಡಿ, ಹನಿ ನೀರಾವರಿಯ ವಾಲ್ವನ್ನೂ ಬೇರೆಯಾಗಿಯೇ ಇಡಿ, ಏಕೆಂದರೆ ನೀರು ನಿಲ್ಲಿಸುವ ದಿನ ಎರಡಕ್ಕೂ ಒಂದೇ ಆಗಿರುವುದಿಲ್ಲ. ಯಾವ ತಳಿ ಎಂಬುದನ್ನು ಖರೀದಿಸುವ ವೈನರಿಯೇ ಹೇಳಲಿ. ಮಿಶ್ರಣ ಅವರ ಕೆಲಸ. ಕೊಯ್ಲಿನ ಬ್ರಿಕ್ಸ್ (ಹಣ್ಣಿನ ಸಕ್ಕರೆಯ ಅಳತೆ) ಎಷ್ಟಿರಬೇಕು, ಹುಳಿಯನ್ನು ಯಾರು ಅಳೆಯಬೇಕು, ಹಣ್ಣು ಸಿದ್ಧವಾದ ದಿನ ಅವರು ಲಾರಿ ಕಳಿಸದಿದ್ದರೆ ನಷ್ಟ ಯಾರದು ಎಂಬ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಪಡೆದುಕೊಂಡ ಮೇಲೆಯೇ ಗುಂಡಿ ತೋಡಿ. ಬೀಜವಿಲ್ಲದ ಥಾಮ್ಸನ್ ತಳಿಯ ತೋಟದ ಹಣ್ಣು ಮಾರದಿದ್ದರೆ ಒಣದ್ರಾಕ್ಷಿಯಾದರೂ ಆಗುತ್ತದೆ; ಸಣ್ಣ ಕಾಯಿ, ದಪ್ಪ ಸಿಪ್ಪೆ, ತುಂಬ ಬೀಜವಿರುವ ಕ್ಯಾಬರ್ನೆಗೆ ವೈನರಿ ಬಿಟ್ಟರೆ ಬೇರೆ ಗಿರಾಕಿಯಿಲ್ಲ.